ಶಾಲೆಯಿಂದ ಶಾಸನಕ್ಕೆ

ಸರ್ಕಾರಿ ನೌಕರಿಯಲ್ಲಿ ಇಲಾಖೆ ಬದಲಾಗುವುದೆಂದರೆ ಸಾಮಾನ್ಯವಾಗಿ ಮೇಲಿನವರ ಅಪ್ಪಣೆ. ನೌಕರನ ಒಲವನ್ನು ಕೇಳುವವರು ವಿರಳ. ಒಲವು ಹರಿದತ್ತಲೇ ಹುದ್ದೆಯೂ ಹರಿದ ಬಾಳು ನನಗೆ ತಿಳಿದಂತೆ ಬಿ. ಎಲ್. ರೈಸ್ ಅವರದು. ಅದರ ಲಾಭವೆಲ್ಲ ಕನ್ನಡಿಗರದಾಯಿತು.

ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಸೇವೆಗೆ ಸೇರಿ, ಮುಂದೆ ಮೈಸೂರು ಕೊಡಗುಗಳ ಶಾಲೆಗಳ ಇನ್ಸ್‌ಪೆಕ್ಟರಾದರು. ವಿದ್ಯಾ ಇಲಾಖೆಯ ಉನ್ನತ ಪದವಿಯನ್ನೂ ಏರಿದರು. ಆ ಹಾದಿಯಲ್ಲಿಯೇ ನಡೆದಿದ್ದರೆ ಗೌರವದಿಂದ ನಿವೃತ್ತರಾಗಿ, ಹಳೆಯ ವರದಿಗಳಲ್ಲಷ್ಟೇ ಉಳಿಯುತ್ತಿದ್ದರೋ ಏನೋ!

ಆದರೆ ಶಾಲೆಗಳ ತನಿಖೆಗೆ ಹೋದ ಊರುಗಳಲ್ಲಿ ಮಕ್ಕಳೊಡನೆ ಕಲ್ಲುಗಳೂ ಅವರನ್ನು ಎದುರುಗೊಂಡವು. ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದು, ಎಲ್ಲೆಲ್ಲಿಯೂ ಬರಹ. ಬಿಸಿಲು ಮಳೆಗಳಿಗೆ ಸವೆಯುತ್ತಿದ್ದ ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಮೇಜರ್ ಡಿಕ್ಸನ್ ಅವರು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಅನುವಾದಿಸುವ ಹೊಣೆಯನ್ನು ಸರ್ಕಾರ ರೈಸರಿಗೆ ವಹಿಸಿತು. 1879ರಲ್ಲಿ ಹೊರಬಂದ ಮೈಸೂರು ಶಾಸನಗಳ ಗ್ರಂಥ ಆ ದುಡಿಮೆಯ ಫಲ. ಮೊದಲ ಹೆಜ್ಜೆ ಅಪ್ಪಣೆಯದು, ನಿಜ. ಮುಂದಿನವು ಮನಸ್ಸಿನವೆಂದೇ ನನ್ನ ಎಣಿಕೆ. ಕೆಲವು ವರ್ಷ ಎರಡು ಹೊರೆಗಳನ್ನೂ ಹೊತ್ತು, 1890ರಲ್ಲಿ ವಿದ್ಯಾ ಇಲಾಖೆಯಿಂದ ಬಿಡುಗಡೆ ಪಡೆದು ಪುರಾತತ್ತ್ವ ಶೋಧನೆಗೇ ಪೂರ್ಣವಾಗಿ ನಿಂತಾಗ ಅವರ ವಯಸ್ಸು ಐವತ್ತನ್ನು ದಾಟಿತ್ತು. ಅನ್ಯರು ವಿಶ್ರಾಂತಿವೇತನದ ಲೆಕ್ಕ ಹಾಕುವ ವಯಸ್ಸದು!

ಎರಡು ವರ್ಷಗಳೊಳಗೆ, 1892ರಲ್ಲಿ, ಮೊಳಕಾಲ್ಮೂರು ಸೀಮೆಯಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಮೌರ್ಯರ ಆಳ್ವಿಕೆಯ ಮೇರೆ ಕನ್ನಡನಾಡಿನೊಳಕ್ಕೆ ಸರಿದುದು ಅಂದಿನಿಂದ. 1906ರಲ್ಲಿ ನಿವೃತ್ತರಾಗುವ ಹೊತ್ತಿಗೆ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳು, ಒಂಬತ್ತು ಸಾವಿರಕ್ಕೆ ಸಮೀಪವಾಗುವಷ್ಟು ಶಾಸನಗಳು ಅಚ್ಚಾಗಿದ್ದವು. ನಡುವೆ 1898ರಲ್ಲಿ ಪಂಪಭಾರತವನ್ನೂ ಮುದ್ರಿಸಿದರು. ನಮ್ಮ ಅರಸರ, ಕವಿಗಳ ಕಾಲವನ್ನು ಕುರಿತು ತರಗತಿಯಲ್ಲಿ ನಾವು ಧೈರ್ಯದಿಂದ ಆಡುವ ಮಾತುಗಳಲ್ಲಿ ಎಷ್ಟೋ ಈ ಸಂಪುಟಗಳ ಆಸರೆಯವು.

ಉಪಾಧ್ಯಾಯರಾಗಿದ್ದ ಆರ್. ನರಸಿಂಹಾಚಾರ್ಯರೂ ಇದೇ ದಾರಿ ಹಿಡಿದು 1899ರಲ್ಲಿ ರೈಸರ ಸಹಾಯಕರಾಗಿ ಬಂದರು. 1906ರಲ್ಲಿ ಅವರ ಸ್ಥಾನಕ್ಕೇ ನಿಂತರು. ರೈಸರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳ್ಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಆಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ಹೊರತಂದಾಗ ಅವು 500 ಆದವು. ಇಂಗ್ಲೆಂಡಿನಲ್ಲಿದ್ದ ರೈಸರು ಅನಂತರ ನಾಲ್ಕು ವರ್ಷ ಬದುಕಿದ್ದರು.