ಹುಲಿಯ ಎದುರು ಟಿಪ್ಪುವಿನ ಬಂದೂಕು ಕೈಕೊಟ್ಟಿತೇ? ಫಾರ್ವರ್ಡ್ ಕಥೆಯ ಹಿಂದಿರುವ ಬಂದೂಕಿನ ವಿಜ್ಞಾನ

ಟಿಪ್ಪು ಸುಲ್ತಾನ ಫ್ರೆಂಚ್ ಗೆಳೆಯನೊಬ್ಬನ ಜೊತೆ ಬೇಟೆಗೆ ಹೋಗಿದ್ದ. ಹುಲಿ ಮೇಲೆರಗಿತು. ಬಂದೂಕು ಹಾರಲಿಲ್ಲ. ಕಠಾರಿ ಕೈಜಾರಿ ನೆಲಕ್ಕೆ ಬಿತ್ತು. ಆದರೂ ಅದನ್ನೇ ಎತ್ತಿಕೊಂಡು ಹುಲಿಯನ್ನು ಕೊಂದ. ಈ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೆಲವರು ಹೆಮ್ಮೆಯಿಂದ ಕಳಿಸುತ್ತಾರೆ, ಕೆಲವರು ಗೇಲಿ ಮಾಡಲು ಕಳಿಸುತ್ತಾರೆ.

ಕಥೆಯಲ್ಲಿ ವರ್ಷವಿಲ್ಲ, ಕಾಡಿನ ಹೆಸರಿಲ್ಲ, ಆ ಗೆಳೆಯನ ಹೆಸರೂ ಇಲ್ಲ. ಹಾಗಾಗಿ ಇದನ್ನು ಇತಿಹಾಸ ಅನ್ನಲು ಬರುವುದಿಲ್ಲ, ಐತಿಹ್ಯ ಅನ್ನಬಹುದು ಅಷ್ಟೆ. ಆದರೆ ಬಂದೂಕು ಹಾರಲಿಲ್ಲ ಅನ್ನುವ ಒಂದು ಮಾತು ಮಾತ್ರ ಆ ಕಾಲಕ್ಕೆ ಚೆನ್ನಾಗಿ ಹೊಂದುತ್ತದೆ. ಯಾಕೆ ಅಂತ ತಿಳಿಯಲು ನಾವು ಟಿಪ್ಪುವಿನ ಬದುಕನ್ನು ಅವನ ಬಂದೂಕುಗಳ ಜೊತೆಗೇ ನೋಡೋಣ.

ಬಾಯಿಂದ ತುಂಬುವ ಬಂದೂಕು ಅಂದರೇನು?

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಮಕ್ಕಳೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿರುತ್ತಾರೆ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು ಅದು. ಮದ್ದು, ಗುಂಡು ಎರಡನ್ನೂ ಮುಂದಿನ ಬಾಯಿಂದಲೇ ತುಂಬಬೇಕು. ಹಿಂಭಾಗದಲ್ಲಿರುವ ಪುಟ್ಟ ತೂತಿನಿಂದ ಬೆಂಕಿ ಮುಟ್ಟಿಸಬೇಕು. ಟಿಪ್ಪುವಿನ ಬಂದೂಕುಗಳೂ ಹೀಗೇ ಇದ್ದವು. ನಳಿಗೆಯ ಬಾಯಿಗೆ ಮದ್ದಿನ ಪುಡಿ ಸುರಿದು, ಗುಂಡು ಇಳಿಸಿ, ಉದ್ದನೆಯ ಗಜದಿಂದ ಒತ್ತಿ ಕೂರಿಸಬೇಕು. ಒಳಗಿನ ಮದ್ದಿಗೆ ಬೆಂಕಿ ಹೇಗೆ ಮುಟ್ಟುತ್ತದೆ ಅನ್ನುವುದರ ಮೇಲೆ ಬಂದೂಕಿನ ಬಗೆ ಬೇರೆಯಾಗುತ್ತದೆ.

ಬತ್ತಿಯಿಂದ ಚಕಮಕಿ ಕಲ್ಲಿಗೆ

ಟಿಪ್ಪು ಹುಟ್ಟಿದ್ದು 18ನೇ ಶತಮಾನದ ನಡುಭಾಗದಲ್ಲಿ, ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಮೈಸೂರು ಸೈನ್ಯದಲ್ಲಿ ಮೇಲೇರುತ್ತಿದ್ದ ಕಾಲ ಅದು. ಆಗ ನಮ್ಮ ನಾಡಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಬತ್ತಿಯ ಬಂದೂಕು. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹುರಿ ಊದುಬತ್ತಿಯಂತೆ ನಿಧಾನಕ್ಕೆ ಉರಿಯುತ್ತಾ ಇರುತ್ತದೆ. ಟ್ರಿಗರ್ ಒತ್ತಿದರೆ ಆ ಹುರಿಯ ತುದಿ ಬಂದೂಕಿನ ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ಮದ್ದಿಗೆ ತಾಗುತ್ತದೆ.

ಇದರಲ್ಲಿ ಕೆಡುವ ಭಾಗಗಳು ಕಡಿಮೆ. ಹಳ್ಳಿಯ ಕಮ್ಮಾರನೂ ರಿಪೇರಿ ಮಾಡಬಹುದು. ಆದರೆ ಹುರಿ ಸದಾ ಉರಿಯುತ್ತಿರಬೇಕು. ಮಳೆ ಬಂದರೆ ಆರುತ್ತದೆ, ರಾತ್ರಿ ಅದರ ಕೆಂಡ ಶತ್ರುವಿಗೆ ಕಾಣುತ್ತದೆ, ಹಗಲು ಅದರ ವಾಸನೆ ಪ್ರಾಣಿಗೆ ಬಡಿಯುತ್ತದೆ. ಸೊಂಟದಲ್ಲಿ ಮದ್ದಿನ ಚೀಲ, ಕೈಯಲ್ಲಿ ಉರಿಯುವ ಹುರಿ ಇಟ್ಟುಕೊಂಡು ಓಡುವುದು ಎಷ್ಟು ಅಪಾಯ ಅಂತ ನೀವೇ ಊಹಿಸಿ.

ಯುರೋಪಿನ ಸೈನಿಕರ ಕೈಯಲ್ಲಿದ್ದದ್ದು ಚಕಮಕಿ ಬಂದೂಕು. ಬಂದೂಕಿನ ಮೇಲೆ ಎದ್ದು ನಿಲ್ಲುವ 'ಕುದುರೆ'ಯ ಬಾಯಲ್ಲಿ ಚಕಮಕಿ ಕಲ್ಲು ಕಚ್ಚಿಸಿರುತ್ತಾರೆ. ಟ್ರಿಗರ್ ಒತ್ತಿದರೆ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಉದುರುತ್ತದೆ. ಹುರಿ ಬೇಡ, ಕೆಂಡ ಬೇಡ. ಕಾಗದದಲ್ಲಿ ಸುತ್ತಿದ ಮದ್ದುಗುಂಡು ಇದ್ದರೆ ಪಳಗಿದ ಸೈನಿಕ ನಿಮಿಷಕ್ಕೆ ಎರಡು ಮೂರು ಸಲ ಹೊಡೆಯಬಲ್ಲ. ಇಂಥ ಬಂದೂಕು ಹಿಡಿದ ಸೈನ್ಯ ಇಲ್ಲದೆ ಈಸ್ಟ್ ಇಂಡಿಯಾ ಕಂಪನಿಯನ್ನು ಎದುರಿಸಲಾಗದು ಅಂತ ಹೈದರ್ ಮತ್ತು ಟಿಪ್ಪು ಅರಿತಿದ್ದರು. ಫ್ರೆಂಚ್ ಕುಶಲಕರ್ಮಿಗಳಿಗೆ ಕೆಲಸ ಕೊಟ್ಟರು.

ಯುದ್ಧದ ನಡುವೆ ಬೆಳೆದ ಕಾರ್ಖಾನೆಗಳು

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಮೈಸೂರು ಸೈನ್ಯ ಕಂಪನಿಯ ಒಂದು ತುಕಡಿಯನ್ನು ನೆಲಕಚ್ಚಿಸಿತು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಅಧಿಕಾರಕ್ಕೆ ಬಂದ. 1784ರ ಮಂಗಳೂರು ಒಪ್ಪಂದದೊಂದಿಗೆ ಆ ಯುದ್ಧ ಮುಗಿಯಿತು.

ನಮ್ಮ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಟಿಪ್ಪುವಿನ ಆಳ್ವಿಕೆ ಇರಲಿಲ್ಲ. ಕೃಷ್ಣೆಯ ಉತ್ತರಕ್ಕೆ ಪೇಶ್ವೆಯವರ ಅಧಿಕಾರವಿತ್ತು. ಆದರೆ ಯುದ್ಧ ಮಾತ್ರ ದೂರವಿರಲಿಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಹಿಡಿಯಿತು. 1786ರಲ್ಲಿ ಮರಾಠರು ಮತ್ತು ನಿಜಾಮನ ಸೈನ್ಯ ಸೇರಿ ಬಾದಾಮಿಯನ್ನು ಕಿತ್ತುಕೊಂಡರು. 1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. ಬಾದಾಮಿ, ನರಗುಂದ ಮರಾಠರ ಕಡೆಗೆ ಹೋದವು.

ಇದೇ ವರ್ಷಗಳಲ್ಲಿ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ ಟಿಪ್ಪುವಿನ ಆಯುಧ ಕಾರ್ಖಾನೆಗಳು ನಡೆಯುತ್ತಿದ್ದವು. 1788ರ ಆಗಸ್ಟಿನಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ 16ನೇ ಲೂಯಿಯನ್ನು ಕಂಡು, ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದರು. ಅಲ್ಲಿಂದ ದೊಡ್ಡ ಸೈನ್ಯ ಬರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಬಂದೂಕುಗಳು ಇಂದಿಗೂ ವಿದೇಶದ ಸಂಗ್ರಹಾಲಯಗಳಲ್ಲಿವೆ. ಅವುಗಳ ಮೇಲೆ ಹುಲಿಪಟ್ಟೆಯ ಗುರುತು, ಹುಲಿಮುಖದ ಅಲಂಕಾರ, ಟಿಪ್ಪು ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷ ಇರುತ್ತದೆ. 1793-94ರ ವರ್ಷ ಹೊತ್ತ ಅವನ ಒಂದು ಬೇಟೆ ಬಂದೂಕು 2015ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅದರ ವಿಶೇಷ ಕೇಳಿ. ಒಂದೇ ನಳಿಗೆಯಲ್ಲಿ ಎರಡು ಮದ್ದುಗುಂಡು ಒಂದರ ಹಿಂದೆ ಒಂದು ತುಂಬಬಹುದು. ಮೊದಲು ಮುಂದಿನದನ್ನು ಹಾರಿಸಿ, ಆಮೇಲೆ ಹಿಂದಿನದನ್ನು ಹಾರಿಸಬೇಕು. ಅಪ್ಪಿತಪ್ಪಿ ಹಿಂದಿನದು ಮೊದಲು ಹೊತ್ತಿಕೊಂಡರೆ ನಳಿಗೆಯೇ ಸಿಡಿಯಬಹುದು. ಮರುತುಂಬಲು ಸಮಯ ಸಿಗದ ಬೇಟೆಗಾರನಿಗೆ ಎರಡನೇ ಗುಂಡು ಎಷ್ಟು ಮುಖ್ಯವಾಗಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಚಕಮಕಿ ಬಂದೂಕು ಯಾಕೆ ಕೈಕೊಡುತ್ತದೆ?

ಕಿಡಿ ಬಟ್ಟಲಿಗೆ ಬೀಳಬೇಕು, ಬಟ್ಟಲಿನ ಮದ್ದು ಹೊತ್ತಬೇಕು, ಆ ಬೆಂಕಿ ಸಣ್ಣ ತೂತಿನೊಳಗೆ ನುಗ್ಗಿ ನಳಿಗೆಯ ಮದ್ದನ್ನು ಮುಟ್ಟಬೇಕು. ಇದರಲ್ಲಿ ಒಂದು ಹಂತ ತಪ್ಪಿದರೂ ಗುಂಡು ಹಾರುವುದಿಲ್ಲ. ಕಲ್ಲು ಮೊಂಡಾದರೆ ಕಿಡಿ ಕಡಿಮೆ. ಮದ್ದು ತೇವಾಂಶ ಹೀರಿದರೆ ಹೊತ್ತುವುದಿಲ್ಲ. ಹಿಂದಿನ ಹೊಡೆತಗಳ ಮಸಿ ತೂತನ್ನು ಮುಚ್ಚಿದರೆ ಬಟ್ಟಲಿನಲ್ಲಿ ಬುಸ್ ಅಂತ ಬೆಂಕಿ ಬರುತ್ತದೆ, ಗುಂಡು ಅಲ್ಲೇ ಇರುತ್ತದೆ. ಮಳೆಗಾಲದ ಮಲೆನಾಡಿನ ಕಾಡಿನಲ್ಲಿ ಈ ಮೂರೂ ಒಟ್ಟಿಗೇ ಆಗಬಹುದು. ಐತಿಹ್ಯದ ಬಂದೂಕು ಕೈಕೊಟ್ಟಿದ್ದರಲ್ಲಿ ಪವಾಡವೂ ಇಲ್ಲ, ಅವಮಾನವೂ ಇಲ್ಲ.

ಕೊನೆಯ ದಿನ

1790ರಿಂದ 92ರ ಯುದ್ಧದಲ್ಲಿ ಟಿಪ್ಪು ಸೋತ. ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಲು ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. 1799ರ ಮೇ 4ರಂದು ಕಂಪನಿಯ ಸೈನ್ಯ ಶ್ರೀರಂಗಪಟ್ಟಣದ ಕೋಟೆಯೊಳಗೆ ನುಗ್ಗಿತು. ಕೋಟೆಗೋಡೆಯ ಮರೆಯಲ್ಲಿ ನಿಂತ ಟಿಪ್ಪುವಿಗೆ ಸೇವಕರು ಬಂದೂಕು ತುಂಬಿ ತುಂಬಿ ಕೊಡುತ್ತಿದ್ದರು, ಅವನು ತಾನೇ ಹಲವು ಸಲ ಗುಂಡು ಹಾರಿಸಿದ ಎಂದು ಯುದ್ಧದ ನಂತರ ಬರೆದ ವರದಿಗಳು ಹೇಳುತ್ತವೆ. ಬಾಯಿಂದ ತುಂಬುವ ಬಂದೂಕಿನ ಮಿತಿ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಹಾರಿಸುವವನು ಒಬ್ಬ, ತುಂಬುವವರು ಹಲವರು. ಅಂದೇ ಅವನು ಗುಂಡೇಟಿಗೆ ಬಲಿಯಾದ. ಹೆಣಗಳ ರಾಶಿಯಲ್ಲಿ ರಾತ್ರಿ ಅವನ ದೇಹ ಸಿಕ್ಕಿತು.

ಅವನ ನಂತರ ಬಂದ ಬದಲಾವಣೆ

ಟಿಪ್ಪು ಸತ್ತು ಎಂಟೇ ವರ್ಷಕ್ಕೆ, 1807ರಲ್ಲಿ, ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಹೊಸ ಬಗೆಗೆ ಪೇಟೆಂಟ್ ಪಡೆದ. ಚಕಮಕಿಯ ಬಟ್ಟಲು ಬೆಳಗಿದ ಕೂಡಲೇ ಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದವು. ಪೆಟ್ಟು ಬಿದ್ದರೆ ತಾನಾಗಿ ಸಿಡಿಯುವ ರಾಸಾಯನಿಕವನ್ನು ಅವನು ಬಳಸಿದ. ಮುಂದೆ ಅದು ಪುಟ್ಟ ತಾಮ್ರದ ಟೋಪಿಯಾಯಿತು. ಮಲೆನಾಡು, ಕೊಡಗಿನಲ್ಲಿ ಹೇಳುವ ಕೇಪಿನ ಕೋವಿ ಇದೇ. ಗಾಳಿ ಮಳೆಗೆ ಇದು ಅಷ್ಟಾಗಿ ಅಂಜುವುದಿಲ್ಲ.

ಇಂದು ಅಮೆರಿಕದಂಥ ದೇಶಗಳಲ್ಲಿ ಜಿಂಕೆ ಬೇಟೆಗೆ ಬಾಯಿಂದ ತುಂಬುವ ಬಂದೂಕಿಗೆಂದೇ ಪ್ರತ್ಯೇಕ ಋತುವಿದೆ. 1985ರಲ್ಲಿ ಅಲ್ಲಿನ ಟೋನಿ ನೈಟ್ ತಂದ ಮಾದರಿ ಜನಪ್ರಿಯವಾಯಿತು. ಅದರಲ್ಲಿ ಬೆಂಕಿ ಪಕ್ಕದಿಂದ ಸುತ್ತಿ ಬರದೆ ಮದ್ದಿನ ನೇರ ಹಿಂದಿನಿಂದ ಬರುತ್ತದೆ. ಹೋಲಿಸಿ ನೋಡಿ:

• ಪಕ್ಕದ ಕುದುರೆಯ ಕೇಪಿನ ಬಗೆ: ಸರಳ. ಆದರೆ ಬೆಂಕಿ ತಿರುವು ದಾಟಿ ಬರಬೇಕು, ಮಸಿ ಕಟ್ಟುತ್ತದೆ.
• ಸ್ಪ್ರಿಂಗ್ ದಂಡ ಹಿಂದಿನಿಂದ ಬಡಿಯುವ ಬಗೆ: ಬೆಂಕಿಯ ದಾರಿ ನೇರ. ಕೇಪಿನ ಜಾಗ ತೆರೆದಿರುವುದರಿಂದ ಧೂಳು, ನೀರು ಸೇರಬಹುದು.
• ಬೋಲ್ಟ್ ಬಗೆ: ಸಾಮಾನ್ಯ ರೈಫಲ್‌ನಂತೆ ಚಿಲಕ ಎಳೆದು ಮುಚ್ಚುವುದು. ಕೇಪಿಗೆ ಮರೆ ಹೆಚ್ಚು, ಬಿಚ್ಚಿ ತೊಳೆಯುವ ಭಾಗಗಳೂ ಹೆಚ್ಚು.
• ಮಡಚುವ ಬಗೆ: ನಡುವಿನ ಕೀಲಿನಲ್ಲಿ ನಳಿಗೆ ಬಾಗುತ್ತದೆ. ಕೇಪು ಪೂರ್ತಿ ಮುಚ್ಚಿರುತ್ತದೆ, ತೊಳೆಯುವುದೂ ಸುಲಭ.

ನಾಲ್ಕರಲ್ಲೂ ಮದ್ದು, ಗುಂಡು ಹೋಗುವುದು ಮುಂದಿನ ಬಾಯಿಂದಲೇ. ಹಾಗಾಗಿ ಮದ್ದು ತೇವವಾದರೆ ಯಾವ ಬಗೆಯ ಬಂದೂಕೂ ಕೈಕೊಡಬಹುದು.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

ಹಾರದ ಬಂದೂಕು ಖಾಲಿ ಬಂದೂಕಲ್ಲ. ಒಳಗೆ ಮದ್ದು ನಿಧಾನಕ್ಕೆ ಹೊತ್ತಿ ಕೆಲವು ಕ್ಷಣ ತಡವಾಗಿಯೂ ಗುಂಡು ಹಾರಬಹುದು. ಇಂಥ ಹೊತ್ತಿನಲ್ಲಿ ಕನಿಷ್ಠ ಒಂದು ನಿಮಿಷ ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದಿರಬೇಕು ಅಂತ ಸುರಕ್ಷತಾ ಪಾಠಗಳು ಹೇಳುತ್ತವೆ. ಬಾಯಿಯೊಳಗೆ ಇಣುಕಿ ನೋಡುವುದಂತೂ ಸಾವಿಗೆ ಕರೆ ಕೊಟ್ಟಂತೆ.

ಹಳೇ ಕಾಲದ ಬಂದೂಕಿಗೆ ಲೈಸೆನ್ಸ್ ಬೇಡ ಅನ್ನುವ ಮಾತನ್ನೂ ನಂಬಬೇಡಿ. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವಂಥ ವಿಶೇಷ ವಿನಾಯಿತಿ ಬಿಟ್ಟರೆ, ಬಾಯಿಂದ ತುಂಬಿ ಹಾರಿಸುವ ಬಂದೂಕಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಜೋಳ, ಕಡಲೆ ಹೊಲಕ್ಕೆ ನುಗ್ಗುವ ಚಿಗರಿಗೆ ಗುಂಡು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಇನ್ನು ಹುಲಿಯ ಕಥೆ ಮತ್ತೆ ಬಂದರೆ ಕಳಿಸಿದವರನ್ನು ಕೇಳಿ: ಯಾವ ವರ್ಷ, ಯಾವ ಕಾಡು, ಯಾರು ಬರೆದಿದ್ದು? ಟಿಪ್ಪುವನ್ನು ಮೆಚ್ಚುವವರಿಗೂ ಟೀಕಿಸುವವರಿಗೂ ಈ ಮೂರು ಪ್ರಶ್ನೆ ಒಂದೇ.