ಸರ್ ಸಿ.ವಿ. ರಾಮನ್ ರವರ ಜೀವನ ಮತ್ತು ಸಾಧನೆ

ಪೀಠಿಕೆ
ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಸಾರ್ವಜನಿಕರು ಮತ್ತು ವಿದ್ಯಾರ್ಥಿಗಳ ಮಾಹಿತಿಗಾಗಿ ಸರ್ ಚಂದ್ರಶೇಖರ ವೆಂಕಟರಾಮನ್ ರವರ ಜೀವನಚರಿತ್ರೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ. ಲೋಹದ ಅತಿ ಸೂಕ್ಷ್ಮ ಕಣಗಳ ಮೇಲೆ ಬೆಳಕನ್ನು ಹಾಯಿಸಿ ಕಿಣ್ವಗಳ ಕಾರ್ಯವೇಗವನ್ನು ಹೆಚ್ಚಿಸುವ ಸಂಶೋಧನೆ ಇಂದು ಹಲವು ದೇಶಗಳಲ್ಲಿ ನಡೆಯುತ್ತಿದೆ. ರಾಮನ್ ರವರ ಕ್ಷೇತ್ರ ಕಿಣ್ವಗಳಲ್ಲ. ಆದರೆ ಬೆಳಕು ವಸ್ತುವನ್ನು ಸಂಧಿಸಿದಾಗ ಏನಾಗುತ್ತದೆ ಎಂಬ ಬಗ್ಗೆ ಅವರು ಕಂಡುಕೊಂಡ ಸತ್ಯವು ಇಂತಹ ಸಂಶೋಧನೆಗಳಿಗೆ ಉಪಯುಕ್ತ ಸಾಧನವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ
ರಾಮನ್ ರವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಅಧ್ಯಾಪಕರಾಗಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1907ರಲ್ಲಿ ಎಂ.ಎ. ಪದವಿ ಪಡೆದರು. ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಲು ಅವರ ದೇಹಸ್ಥಿತಿ ತಕ್ಕುದಲ್ಲವೆಂದು ವೈದ್ಯರು ತಿಳಿಸಿದ್ದರಿಂದ ಆ ಅವಕಾಶ ಕೈತಪ್ಪಿತು.

ಸರ್ಕಾರಿ ಸೇವೆ
ಹಣಕಾಸು ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ರಾಮನ್ ರವರು 1907ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರಾಗಿ ನೇಮಕಗೊಂಡರು. ನಂತರ ರಂಗೂನ್ ಮತ್ತು ನಾಗಪುರಗಳಲ್ಲಿಯೂ ಸೇವೆ ಸಲ್ಲಿಸಿದರು. ಕಲ್ಕತ್ತೆಯಲ್ಲಿ ಕಚೇರಿ ಆರಂಭವಾಗುವ ಮುನ್ನ ಹಾಗೂ ಮುಗಿದ ನಂತರ ಬೌಬಜಾರಿನ ಭಾರತೀಯ ವಿಜ್ಞಾನ ಪ್ರಗತಿ ಸಂಘದ ಪ್ರಯೋಗಾಲಯದಲ್ಲಿ ಸಂಶೋಧನೆ ಕೈಗೊಳ್ಳುತ್ತಿದ್ದರು. ಲೆಕ್ಕಪತ್ರದ ಹೊಣೆ ಮತ್ತು ವಿಜ್ಞಾನದ ಆಸಕ್ತಿ ಎರಡನ್ನೂ ಅವರು ಹತ್ತು ವರ್ಷ ಒಟ್ಟಿಗೆ ನಿಭಾಯಿಸಿದರು.

ಸರ್ ಅಶುತೋಷ್ ಮುಖರ್ಜಿಯವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಹುದ್ದೆಗೆ ಅವರನ್ನು ಆಹ್ವಾನಿಸಿದರು. ಈ ಹುದ್ದೆಯ ವೇತನ ಅವರು ಪಡೆಯುತ್ತಿದ್ದುದಕ್ಕಿಂತ ಬಹಳ ಕಡಿಮೆಯಿತ್ತು. ಮುಂದೆ ದೊರೆಯಬಹುದಾಗಿದ್ದ ಬಡ್ತಿಗಳನ್ನೂ ಭದ್ರವಾದ ಹುದ್ದೆಯನ್ನೂ ತ್ಯಜಿಸಿ ಅವರು 1917ರಲ್ಲಿ ಆ ಹುದ್ದೆಗೆ ಸೇರಿದರು. ಅವರ ಜೀವನದ ಅತ್ಯಂತ ಮಹತ್ವದ ನಿರ್ಧಾರ ಇದಾಗಿತ್ತು.

ಬೆಳಕಿನ ಸಂಶೋಧನೆ
1921ರಲ್ಲಿ ರಾಮನ್ ರವರು ಬಿಧುಭೂಷಣ ರೇ ರವರೊಂದಿಗೆ, ದ್ರವದಲ್ಲಿ ತೇಲುವ ಗಂಧಕದ ಸೂಕ್ಷ್ಮ ಕಣಗಳ ಮೂಲಕ ಹಾದುಬರುವ ಬೆಳಕಿನ ಬಣ್ಣಗಳನ್ನು ಅಧ್ಯಯನ ಮಾಡಿದರು. ಕಣಗಳ ಗಾತ್ರ ಬೆಳೆದಂತೆ ಬೆಳಕಿನ ಬಣ್ಣವೂ ಬದಲಾಗುತ್ತದೆ. ಅದೇ ವರ್ಷ ಹಡಗಿನ ಪ್ರಯಾಣದಲ್ಲಿ ಕಡಲಿನ ನೀಲಿಯನ್ನು ಗಮನಿಸಿ, ಅದು ಕೇವಲ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಉಂಟಾಗುತ್ತದೆ ಎಂದು ತೋರಿಸಿದರು.

1928ರ ಫೆಬ್ರವರಿ 28ರಂದು, ಕೆ.ಎಸ್. ಕೃಷ್ಣನ್ ರವರ ಸಹಯೋಗದೊಂದಿಗೆ ನಡೆಸಿದ ಪ್ರಯೋಗಗಳ ಫಲವಾಗಿ ರಾಮನ್ ಪರಿಣಾಮವು ಬೆಳಕಿಗೆ ಬಂದಿತು. ಒಂದೇ ಬಣ್ಣದ ಬೆಳಕನ್ನು ದ್ರವದ ಮೂಲಕ ಹಾಯಿಸಿದಾಗ ಚದುರಿದ ಬೆಳಕಿನ ಸ್ವಲ್ಪ ಭಾಗವು ಬೇರೆ ಬಣ್ಣಕ್ಕೆ ತಿರುಗುತ್ತದೆ. ಈ ಬದಲಾವಣೆ ಪ್ರತಿಯೊಂದು ವಸ್ತುವಿನ ಅಣುವಿಗೂ ಬೇರೆಬೇರೆಯಾಗಿದ್ದು, ವ್ಯಕ್ತಿಯ ಬೆರಳಚ್ಚಿನಂತೆ ಗುರುತಿಗೆ ನೆರವಾಗುತ್ತದೆ. ಸುಮಾರು 60 ದ್ರವಗಳನ್ನು ಸರಳ ಉಪಕರಣಗಳಿಂದ ಪರೀಕ್ಷಿಸಲಾಗಿತ್ತು. ಈ ಸಾಧನೆಗಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು.

ಬೆಂಗಳೂರಿನಲ್ಲಿ ಸೇವೆ
1933ರಲ್ಲಿ ರಾಮನ್ ರವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ಆಡಳಿತದಲ್ಲಿ ಉಂಟಾದ ಭಿನ್ನಾಭಿಪ್ರಾಯಗಳ ಕಾರಣ 1937ರಲ್ಲಿ ಆ ಹುದ್ದೆಯನ್ನು ತೊರೆದು, 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು, 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1954ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ನೀಡಲಾಯಿತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆಯು ಅವರ ಸಂಸ್ಥೆಯ ಆವರಣದಲ್ಲಿಯೇ ನೆರವೇರಿತು.

ಇಂದಿನ ಪ್ರಸ್ತುತತೆ
ರಾಗಿಯನ್ನು ಮೊಳಕೆ ಬರಿಸಿದಾಗ ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಸಿಹಿ ತರುವುದು ಕಿಣ್ವವೇ. ಕಾರ್ಖಾನೆಗಳಲ್ಲಿ ಕಿಣ್ವಗಳನ್ನು ಒಂದು ಆಧಾರಕ್ಕೆ ಅಂಟಿಸಿ ನೆಲೆಗೊಳಿಸಿದರೆ ಅವುಗಳನ್ನು ಮತ್ತೆ ಮತ್ತೆ ಬಳಸಬಹುದಾಗಿದೆ. ಆದರೆ ಹೀಗೆ ಕಟ್ಟಿಹಾಕಿದಾಗ ಕಿಣ್ವದ ಚುರುಕು ಹಲವು ಸಲ ಕುಗ್ಗುತ್ತದೆ. ಈ ಕೊರತೆಯನ್ನು ನೀಗಿಸಲು ಚಿನ್ನದಂತಹ ಲೋಹದ ನ್ಯಾನೋಕಣಗಳ ಮೇಲೆ ಕಿಣ್ವವನ್ನು ನೆಲೆಗೊಳಿಸಿ ಬೆಳಕು ಹಾಯಿಸುವ ವಿಧಾನವನ್ನು ಪರಿಶೀಲಿಸಲಾಗುತ್ತಿದೆ. ಬೆಳಕಿನಿಂದ ಲೋಹದ ಇಲೆಕ್ಟ್ರಾನುಗಳು ಒಟ್ಟಾಗಿ ಕಂಪಿಸಿ ಕಣವು ಬಿಸಿಯಾಗುತ್ತದೆ ಮತ್ತು ಆ ಬಿಸಿ ಪಕ್ಕದ ಕಿಣ್ವವನ್ನು ಚುರುಕುಗೊಳಿಸುತ್ತದೆ. ಬೆಳಕು ಆರಿಸಿದರೆ ಬಿಸಿಯೂ ಇಳಿಯುತ್ತದೆ. ಬಿಸಿ ಮಿತಿಮೀರಿದಲ್ಲಿ ಕಿಣ್ವವೇ ಕೆಡುವುದರಿಂದ ಬೆಳಕಿನ ಪ್ರಮಾಣವನ್ನು ನಿಯಂತ್ರಿಸುವುದು ಅತ್ಯವಶ್ಯಕ.

ಲೋಹದ ಇದೇ ಗುಣವು ರಾಮನ್ ಪರಿಣಾಮಕ್ಕೂ ಬಲ ನೀಡಿದೆ. 1974ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಒರಟು ಬೆಳ್ಳಿಯ ಮೇಲಿನ ಅಣುಗಳಿಂದ ರಾಮನ್ ಬೆಳಕು ಅಸಾಮಾನ್ಯವಾಗಿ ಪ್ರಬಲವಾಗಿ ಬರುವುದನ್ನು ಕಂಡರು. ಇಂದು ಈ ವಿಧಾನದಿಂದ ನ್ಯಾನೋಕಣಗಳ ಮೇಲಿರುವ ಅಣುಗಳ ಸ್ಥಿತಿಯನ್ನು ಪರೀಕ್ಷಿಸಲು ಸಾಧ್ಯವಾಗಿದೆ.

ರಾಮನ್ ಪರಿಣಾಮದ ಸ್ಮರಣಾರ್ಥ 1987ರಿಂದ ಪ್ರತಿ ವರ್ಷ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವನ್ನಾಗಿ ಆಚರಿಸಲಾಗುತ್ತಿದೆ. ಕಚೇರಿ ಕೆಲಸದ ಮುನ್ನ ಮತ್ತು ನಂತರ ಉಳಿದ ಸಮಯದಲ್ಲಿ ಆರಂಭವಾದ ಜ್ಞಾನಸಾಧನೆಯು ಇಡೀ ವಿಶ್ವಕ್ಕೆ ಉಪಯುಕ್ತವಾದುದಕ್ಕೆ ರಾಮನ್ ರವರ ಬದುಕು ಸಾಕ್ಷಿಯಾಗಿದೆ.