ಟಂಕಸಾಲೆಯಲ್ಲಿ ಹುಟ್ಟಿದವನು

ಲಂಡನ್ನಿನ ರಾಜಟಂಕಸಾಲೆಯ ಆವರಣದಲ್ಲಿ ಅಲ್ಲಿನ ಅಧಿಕಾರಿಗಳ ವಾಸಕ್ಕೆಂದು ಕೆಲವು ಮನೆಗಳಿದ್ದುವು. ಅವುಗಳಲ್ಲೊಂದರಲ್ಲಿ 1826ರ ನವೆಂಬರ್ 23ರಂದು ಲಿಯೊನಾರ್ಡ್ ಚಾರ್ಲ್ಸ್ ವೈಯನ್ ಹುಟ್ಟಿದನು. ಮನೆತನದ ಕಸುಬೇ ಕೆತ್ತನೆ. ತಂದೆ ವಿಲಿಯಂ ವೈಯನ್ ಟಂಕಸಾಲೆಯ ಪ್ರಧಾನ ಕೆತ್ತನೆಗಾರನಾದವನು. 1840ರ ಕಂಪನಿ ರೂಪಾಯಿಯನ್ನು ಕೈಯಲ್ಲಿ ಹಿಡಿದು ನೋಡಿದವರು ರಾಣಿಯ ಕೊರಳ ಅಂಚಿನಲ್ಲಿ ಅವನ ಎರಡು ಮೊದಲಕ್ಷರಗಳನ್ನು ಕಂಡಿರಬಹುದು. ಮಗನು ಹದಿಹರೆಯದಲ್ಲಿಯೇ ಪದಕಗಳನ್ನು ಕೆತ್ತಿದನು. 1851ರ ಮಹಾಪ್ರದರ್ಶನದ ಬಹುಮಾನ ಪದಕದ ಹಿಮ್ಮುಖವು ಅವನದೇ. ಅದೇ ವರ್ಷ ತಂದೆ ತೀರಿಕೊಳ್ಳಲು, ಆ ಕೆಲಸದ ಹೊಣೆ ಮಗನ ಹೆಗಲಿಗೆ ಬಂದಿತು.

1858ರಲ್ಲಿ ಕೆನಡಾ ಪ್ರಾಂತವು ದಶಮಾಂಶ ನಾಣ್ಯಗಳನ್ನು ತರಿಸಿಕೊಂಡಿತು. ಅದರ ಕಂಚಿನ ಸೆಂಟಿಗೆ ವೈಯನ್ ಲಾರೆಲ್ ಮಾಲೆ ಮುಡಿದ ತರುಣಿ ವಿಕ್ಟೋರಿಯಾಳನ್ನೂ, ಹಿಂಬದಿಗೆ ಮೇಪಲ್ ಎಲೆಗಳ ಬಳ್ಳಿಯನ್ನೂ ಕೊಟ್ಟನು. ಒಂದು ಅಂಗುಲ ಅಗಲ. ನೂರು ಸೆಂಟುಗಳು ಕೂಡಿದರೆ ಒಂದು ಪೌಂಡು ತೂಕ. ಎರಡು ವರ್ಷಗಳ ಇಸವಿಯಲ್ಲಿ ಒಂದು ಕೋಟಿ ಸೆಂಟುಗಳು ಅಚ್ಚಾದುವು. ಬ್ಯಾಂಕುಗಳ ಭಾರವಾದ ಬಿಲ್ಲೆಗಳಿಗೆ ಒಗ್ಗಿದ ಜನರಿಗೆ ಅವು ಹಗುರವೆನಿಸಿ, ಖರ್ಚಾಗಲು ವರ್ಷಗಳೇ ಹಿಡಿದುವು.

ಮೂಲ ಕೆತ್ತನೆ ಒಂದೇ ಆದರೂ ಅದರಿಂದ ತೆಗೆಯುವ ಅಚ್ಚುಗಳು ಹಲವು. ಇಸವಿಯ ಅಂಕಿಗಳನ್ನು ಕೆಲಸಗಾರನು ಉಕ್ಕಿನ ಮೊಳೆ ಹಿಡಿದು ಕೈಯಿಂದಲೇ ಹೊಡೆಯಬೇಕು. 1858ರ ಅಚ್ಚುಗಳ ಕೊನೆಯ 8ರ ಮೇಲೆಯೇ ಅಗಲವಾದ 9 ಹೊಡೆದು 1859 ಮಾಡಿದರು; ಬೇರೆ ಅಚ್ಚುಗಳಿಗೆ ಬಿದ್ದುದು ಕಿರಿದಾದ 9, ಕೆಲವಕ್ಕೆ ಎರಡು ಏಟು. ಬರ್ಮಿಂಗಂನ ಹೀಟನ್ ಟಂಕಸಾಲೆಯ 1872ರ ಕೆಲವು ಅರ್ಧ ಡಾಲರುಗಳಲ್ಲಂತೂ ರಾಣಿಯ ಹೆಸರಿನ ‘ವಿ’ಯ ಮೇಲೆ ತಲೆಕೆಳಗಾದ ‘ಎ’ ಕುಳಿತಿದೆ! ವೈಯನ್ ಮಾಡದ ತಪ್ಪುಗಳಿಂದಲೇ ಇಂದು ಅವನ ನಾಣ್ಯಗಳನ್ನು ಪ್ರಭೇದ ಪ್ರಭೇದವಾಗಿ ವಿಂಗಡಿಸುತ್ತಾರೆ.

ಸವೆದ ನಾಣ್ಯದಲ್ಲಿ ಆ ವಿಂಗಡಣೆ ಸುಲಭವಲ್ಲ. ಉಬ್ಬಿದ ಭಾಗ ಮೊದಲು ಅಳಿಯುತ್ತದೆ: ಹುಬ್ಬು, ಕಿವಿಯ ಮೇಲಣ ಕೂದಲು, ಎಲೆಯ ನರಗಳು. ಆದುದರಿಂದ ಬಲ್ಲವರು ಮುಖವನ್ನು ಬಿಟ್ಟು, ಓರೆಬೆಳಕಿನಲ್ಲಿ ಅಂಕಿಗಳ ಅಗಲವನ್ನೂ, 9ರೊಳಗೆ ಉಳಿದ 8ರ ಗೆರೆಯನ್ನೂ, ಅಕ್ಷರಕ್ಕೂ ಅಂಚಿನ ಮಣಿಗಳಿಗೂ ನಡುವಣ ಅಂತರವನ್ನೂ ನೋಡುತ್ತಾರೆ. 1870ರ ಅರ್ಧ ಡಾಲರಿನದು ಇನ್ನೂ ಸೂಕ್ಷ್ಮ. ಅದರಲ್ಲಿ ಎರಡು ಬಗೆ: ರಾಣಿಯ ಕೊರಳ ಅಂಚಿನಲ್ಲಿ ವೈಯನ್ನನ ಮೂರು ಮೊದಲಕ್ಷರಗಳಿರುವುದು ಒಂದು, ಇಲ್ಲದ್ದು ಮತ್ತೊಂದು. ಇಲ್ಲದ್ದೇ ಅಪರೂಪ; ಬೆಲೆಯೂ ಅದಕ್ಕೇ ಹೆಚ್ಚು. ಕಲಾವಿದನ ಹೆಸರಿಲ್ಲದಿರುವುದಕ್ಕೆ ಹಣ ತೆರುವ ಈ ವಿನೋದವನ್ನು ಅವನು ಕಂಡಿದ್ದರೆ ಏನೆನ್ನುತ್ತಿದ್ದನೋ! ಆದರೆ ಸವೆತವೂ ಆ ಅಕ್ಷರಗಳನ್ನು ಅಳಿಸಬಲ್ಲುದು. ಹೆಸರು ಎಂದೂ ಇರಲಿಲ್ಲವೋ, ಇದ್ದು ಬೆರಳುಗಳ ಉಜ್ಜಿಗೆ ಮಾಸಿತೋ ಎಂಬುದನ್ನು ಅಚ್ಚಿನ ಉಳಿದ ಗುರುತುಗಳಿಂದಲೇ ತೀರ್ಮಾನಿಸಬೇಕು.

ಬ್ರಿಟನ್ನಿನಲ್ಲಿ 1860ರ ಕಂಚಿನ ಪೆನ್ನಿ ಅವನಿಗೆ ಕೀರ್ತಿ ತಂದಿತು. 1887ರ ಸುವರ್ಣೋತ್ಸವದ ನಾಣ್ಯಗಳು ತಂದುದು ಅಪಹಾಸ್ಯ. ಶಿಲ್ಪಿ ಬೋಮ್ ರೂಪಿಸಿದ ಮುಖವನ್ನು ವೈಯನ್ ಕೆತ್ತಿದನು. ರಾಣಿಯ ತಲೆಯ ಮೇಲೆ ಬೀಳುವಂತಿದ್ದ ಪುಟ್ಟ ಕಿರೀಟವನ್ನು ಕಂಡು ಜನ ನಕ್ಕರು. ಆರು ಪೆನ್ಸಿನ ನಾಣ್ಯಕ್ಕೆ ಚಿನ್ನದ ಲೇಪ ಕೊಟ್ಟು ಅರ್ಧ ಪವನೆಂದು ಸಾಗಿಸಿದವರೂ ಇದ್ದುದರಿಂದ ಅದರ ವಿನ್ಯಾಸವನ್ನೇ ಹಿಂತೆಗೆಯಬೇಕಾಯಿತು.

1891ರ ಆಗಸ್ಟ್ 20ರಂದು ವೈಯನ್ ತೀರಿಕೊಂಡನು. ಎರಡು ವರ್ಷಗಳಲ್ಲಿ ಬ್ರಿಟನ್ನು ತನ್ನ ನಾಣ್ಯಗಳ ಮುಖವನ್ನು ಬದಲಿಸಿತು. ಕೆನಡಾ ಮಾತ್ರ ಅವನು ಕೆತ್ತಿದ ರಾಣಿಯನ್ನೇ 1901ರವರೆಗೂ ಅಚ್ಚುಹಾಕಿಸಿತು.